ನಮೂನೆ ನಲವತ್ತೊಂದರ ಅಡಿಸಾಲು

ಅಧ್ಯಕ್ಷರ ಕುರ್ಚಿಯಲ್ಲಿರುವ ನಮ್ಮ ಸರ್ಕಾರಿ ಮುದ್ರಣಾಲಯದ ನಿರ್ದೇಶಕರೇ, ಇಲಾಖೆಯಿಂದ ಬಿಡುವು ಮಾಡಿಕೊಂಡು ದಯಮಾಡಿಸಿರುವ ಮುಖ್ಯ ಅತಿಥಿಗಳೇ, ಅಕ್ಷರ ಜೋಡಿಸುವ, ಯಂತ್ರ ನಡೆಸುವ, ಹಾಳೆ ಎಣಿಸುವ, ಕತ್ತರಿಸುವ, ಕಟ್ಟು ಕಟ್ಟುವ ನನ್ನ ಜೊತೆಗಾರರೇ, ಅವರ ಮನೆಯವರೇ, ಕುರ್ಚಿ ಖಾಲಿಯಿದ್ದರೂ ಬಾಗಿಲ ಬಳಿ ನಿಂತೇ ಇರುವ ಗೇಟಿನವರೇ, ಸಭಿಕರೇ,

ಮೂವತ್ತನಾಲ್ಕು ವರ್ಷ ಬೇರೆಯವರ ಮಾತಿನಲ್ಲಿ ತಪ್ಪು ಹುಡುಕಿದವನಿಗೆ ಇವತ್ತು ಸ್ವಂತ ಮಾತಾಡಲು ಹತ್ತು ನಿಮಿಷ ಕೊಟ್ಟಿದ್ದೀರಿ. ಉಪಕಾರವಾಯಿತು. ಮೊದಲಿಗೆ ಒಂದು ದೂರು. ನನ್ನ ಬೀಳ್ಕೊಡುಗೆಯ ಆಮಂತ್ರಣ ಪತ್ರಿಕೆಯಲ್ಲೇ ಎರಡು ತಪ್ಪುಗಳಿವೆ. ಕರಡನ್ನು ನನಗೆ ತೋರಿಸಿದರೆ ಗುಟ್ಟು ರಟ್ಟಾಗುತ್ತದೆಂದು ತೋರಿಸಲಿಲ್ಲವಂತೆ. ಗುಟ್ಟು ಕಾಯುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ನಗಿ, ಪರವಾಗಿಲ್ಲ. ಮುಂದೆ ನಗುವುದಕ್ಕೆ ಹೆಚ್ಚು ಅವಕಾಶ ಸಿಗಲಾರದು.

ನನಗಿಂತ ಮೊದಲು ಮಾತಾಡಿದ ಹಿರಿಯರು ನನ್ನನ್ನು ಅಟ್ಟಕ್ಕೇರಿಸಿದರು. ನನ್ನದು ಹದ್ದಿನ ಕಣ್ಣಂತೆ. ನಾನು ಕರಡು ನೋಡಿ ಸಹಿ ಮಾಡಿದ ಒಂದೇ ಒಂದು ನಮೂನೆಯೂ ಈ ಮೂವತ್ತನಾಲ್ಕು ವರ್ಷಗಳಲ್ಲಿ ತಪ್ಪಿದೆಯೆಂದು ವಾಪಸು ಬಂದಿಲ್ಲವಂತೆ. ನಿರ್ದೇಶಕರು ಹೇಳಿದ್ದು ನಿಜ, ಕಚೇರಿಯ ದಾಖಲೆಯಲ್ಲಿ ಹಾಗೇ ಇದೆ. ಆದರೆ ಒಂದು ನಮೂನೆ ವಾಪಸು ಬಂದಿದೆ. ಅದು ಕಚೇರಿಗೆ ಬರಲಿಲ್ಲ, ನನ್ನ ತಂಗಿಯ ಮನೆಗೆ ಬಂತು. ಅದರಲ್ಲಿ ಒಂದು ಅಕ್ಷರದ ತಪ್ಪೂ ಇರಲಿಲ್ಲ. ಇವತ್ತು ನನಗೆ ಹೇಳಬೇಕಾಗಿರುವುದು ಅದೊಂದೇ.

ಇಲ್ಲಿ ಬಂದಿರುವ ಮನೆಯವರಿಗೆ, ಮಕ್ಕಳಿಗೆ ನಮ್ಮ ಕೆಲಸ ಏನೆಂದು ಗೊತ್ತಿರಲಿಕ್ಕಿಲ್ಲ. ನಾವು ಪುಸ್ತಕ ಅಚ್ಚು ಹಾಕುವವರಲ್ಲ, ನಮೂನೆಗಳನ್ನು ಅಚ್ಚು ಹಾಕುವವರು. ಮಗು ಹುಟ್ಟಿದ್ದಕ್ಕೆ ಒಂದು ನಮೂನೆ, ಶಾಲೆಗೆ ಸೇರುವುದಕ್ಕೆ ಒಂದು, ನಲ್ಲಿ ಹಾಕಿಸಲು ಒಂದು, ಮದುವೆ ನೋಂದಾಯಿಸಲು ಒಂದು. ಈ ದೇಶದಲ್ಲಿ ಮನುಷ್ಯ ನಮ್ಮ ಹಾಳೆಯ ಮೇಲೆ ಹುಟ್ಟಿ ನಮ್ಮ ಹಾಳೆಯ ಮೇಲೆ ಸಾಯುತ್ತಾನೆ. ಪ್ರತಿ ನಮೂನೆಯ ಕೆಳತುದಿಯಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ, ಒಂದು ಸಾಲು ಇರುತ್ತದೆ. ನಮೂನೆಯ ಸಂಖ್ಯೆ, ಅಚ್ಚಾದ ತಿಂಗಳು, ವರ್ಷ, ಎಷ್ಟು ಪ್ರತಿಗಳು. ನಾವು ಅದನ್ನು ಅಡಿಸಾಲು ಎನ್ನುತ್ತೇವೆ. ಅದನ್ನು ಹೊರಗಿನವರು ಯಾರೂ ಓದುವುದಿಲ್ಲ. ನಿಮ್ಮ ಮನೆಯ ನೀರಿನ ರಸೀದಿಯ ಅಡಿಸಾಲನ್ನು ನೀವು ಯಾವತ್ತಾದರೂ ಓದಿದ್ದೀರಾ?

ಕರಡು ನೋಡುವ ಕ್ರಮವೂ ನಿಮಗೆ ಗೊತ್ತಿರಬೇಕು. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಅಚ್ಚಾದ ಕರಡಿನಲ್ಲಿ ಬೆರಳಿಟ್ಟು ಹೊಂದಿಸುತ್ತಾ ಹೋಗುತ್ತಾರೆ. ಓದುವವರು ಬರೀ ಅಕ್ಷರವನ್ನಲ್ಲ, ಚಿಹ್ನೆಗಳನ್ನೂ ಓದಬೇಕು. ಅಲ್ಪವಿರಾಮ, ಪೂರ್ಣವಿರಾಮ, ಆವರಣ ಶುರು, ಆವರಣ ಮುಗಿಯಿತು. ಭರ್ತಿ ಮಾಡುವ ಜಾಗ ಬಂದರೆ 'ಖಾಲಿ ಜಾಗ'. ರಾಗ ಇರಬಾರದು, ಭಾವ ಇರಬಾರದು. ಭಾವ ಬಂದರೆ ಕಣ್ಣು ತಪ್ಪುತ್ತದೆ. ಮೊದಲ ಸಾಲಿನಲ್ಲಿ ಕೂತಿರುವ ಓದುವ ಅಕ್ಕ ನನಗೆ ಇಪ್ಪತ್ತಾರು ವರ್ಷ ಹೀಗೆ ಓದಿದರು. ನಾಲ್ಕು ವರ್ಷದ ಹಿಂದೆ ನಿವೃತ್ತರಾದರು, ಆಮೇಲೆ ನಾನೇ ಓದಿಕೊಂಡು ನಾನೇ ನೋಡಿಕೊಳ್ಳುತ್ತಿದ್ದೇನೆ. ಈ ಚಾಳಿ ಮನೆಗೂ ಬಂತು. "ಪೇಪರ್ ಓದಿ ಹೇಳ್ರೀ ಅಂದ್ರೆ ಅಲ್ಪವಿರಾಮ ಯಾಕ್ರೀ ಹೇಳ್ತೀರ, ನಾನೇನು ಅದನ್ನ ಒಗ್ಗರಣೆಗೆ ಹಾಕಬೇಕಾ" ಎಂದು ನನ್ನ ಹೆಂಡತಿ ಸಾವಿರ ಸಲ ಬೈದಿದ್ದಾಳೆ.

ಇನ್ನು ಗೇಟಿನ ವಿಷಯ. ಗೇಟಿನ ಮೇಲೆ ಹಲಗೆ ಇದೆಯಲ್ಲ, 'ಇಲ್ಲಿ ಕಂಡದ್ದು ಇಲ್ಲೇ' ಎಂದು. ಕೆಲಸಕ್ಕೆ ಸೇರಿದ ದಿನ ಎಲ್ಲರೂ ಅದಕ್ಕೆ ಪ್ರಮಾಣ ಮಾಡಿ ಸಹಿ ಹಾಕಿದ್ದೇವೆ. ಪ್ರತಿ ಸಂಜೆ ಜೇಬು ಹೊರಗೆಳೆದು, ಎರಡೂ ಅಂಗೈ ತೋರಿಸಿ, ಒಂದು ಚೂರು ಕಾಗದವೂ ಇಲ್ಲವೆಂದು ಖಾತ್ರಿ ಮಾಡಿಸಿ ಹೊರಗೆ ಹೋಗುತ್ತೇವೆ. ಗೇಟಿನವರು ಜೇಬು ನೋಡುತ್ತಾರೆ, ತಲೆಯನ್ನು ನೋಡುವುದಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ತಲೆಗೆ ನಾವೇ ಬೀಗ ಹಾಕಿಕೊಂಡಿದ್ದೆವು.

ನಮೂನೆ ನಲವತ್ತೊಂದು ಎಂಬುದೊಂದಿದೆ. ಸೈನ್ಯದಲ್ಲಿ ಸತ್ತವರ ಮನೆಗೆ ಕಳಿಸುವ ಪತ್ರ. ಶಾಂತಿಯ ಕಾಲದಲ್ಲಿ ಅದು ವರ್ಷಕ್ಕೆ ಮುನ್ನೂರು ಪ್ರತಿ. ಲಾರಿ ಮಗುಚುತ್ತದೆ, ಜ್ವರ ಬರುತ್ತದೆ, ಯಾರೋ ನದಿಯಲ್ಲಿ ಮುಳುಗುತ್ತಾರೆ. ಮುನ್ನೂರು ಸಾಕಾಗುತ್ತದೆ, ಉಳಿಯುತ್ತದೆ ಕೂಡ. ಒಂಬತ್ತು ವರ್ಷದ ಹಿಂದೆ, ಫೆಬ್ರವರಿ ತಿಂಗಳ ಒಂದು ಬೆಳಿಗ್ಗೆ ಆ ನಮೂನೆಗೆ ಬೇಡಿಕೆ ಬಂತು. ಓದುವ ಅಕ್ಕ ಎಂದಿನಂತೆ ಓದುತ್ತಿದ್ದರು. ಜೊತೆಗಿದ್ದ ಬೇಡಿಕೆ ಪತ್ರದಲ್ಲಿ ಪ್ರತಿಗಳ ಸಂಖ್ಯೆ ಬಂದಾಗ ನಿಂತರು. ಇಪ್ಪತ್ತಾರು ವರ್ಷದಲ್ಲಿ ಅವರು ಮಧ್ಯೆ ನಿಂತಿದ್ದು ಅದೊಂದೇ ಸಲ.

"ಸೊನ್ನೆ ಜಾಸ್ತಿ ಬಿದ್ದಿದೆಯೇನಪ್ಪಾ, ಹದಿನೈದು ಸಾವಿರ ಅಂತಿದೆ" ಎಂದರು.

ಆ ತಿಂಗಳು ರೇಡಿಯೋ ಏನು ಹೇಳುತ್ತಿತ್ತು, ನೆನಪಿದೆಯೇ? ಮಾತುಕತೆ ಫಲಪ್ರದವಾಗಿದೆ, ಗಡಿ ಶಾಂತವಾಗಿದೆ, ಗಾಳಿಸುದ್ದಿ ನಂಬಬೇಡಿ. ನಾನು ನಿಯಮದ ಪ್ರಕಾರ ರಕ್ಷಣಾ ಇಲಾಖೆಗೆ ಒಂದು ಪ್ರಶ್ನೆ ಬರೆದು ಕಳಿಸಿದೆ. 'ಪ್ರತಿಗಳ ಸಂಖ್ಯೆ ಸರಿಯಿದೆಯೇ?' ಮಧ್ಯಾಹ್ನ ಉತ್ತರ ಬಂತು. 'ಸರಿಯಿದೆ.' ಯುದ್ಧದ ಬಗ್ಗೆ ನಾನು ಈ ಜನ್ಮದಲ್ಲಿ ಕೇಳಿದ ಪ್ರಶ್ನೆ ಅದೊಂದೇ, ಸೊನ್ನೆಗಳು ಸರಿಯಿವೆಯೇ ಎಂದು.

ಇನ್ನೊಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಆ ಮೂಲಪ್ರತಿಯಲ್ಲಿ ಅಡಿಸಾಲು ಇರಲಿಲ್ಲ. ಮರೆತಿದ್ದರೋ, ಬೇಕೆಂದೇ ಬಿಟ್ಟಿದ್ದರೋ ನನಗೆ ತಿಳಿಯದು. ನಾನು ಯೋಚಿಸಲೂ ಇಲ್ಲ. ಅಡಿಸಾಲಿಲ್ಲದ ನಮೂನೆ ನನ್ನ ಮೇಜಿನಿಂದ ಹೋಗುವುದುಂಟೇ? ಕೆಂಪು ಶಾಯಿಯಲ್ಲಿ ಬರೆದು ಸೇರಿಸಿದೆ. ನಮೂನೆ ನಲವತ್ತೊಂದು, ಫೆಬ್ರವರಿ, ಹದಿನೈದು ಸಾವಿರ ಪ್ರತಿಗಳು. ಆಗಿನ ನಿರ್ದೇಶಕರು ನನ್ನ ಬೆನ್ನು ತಟ್ಟಿದರು. ಅಷ್ಟು ಸಣ್ಣದನ್ನು ನೋಡುವ ಕಣ್ಣು ಅಷ್ಟು ದೊಡ್ಡದನ್ನು ಕಂಡೂ ಸುಮ್ಮನಿತ್ತು, ಸಭಿಕರೇ.

ನಾನೊಬ್ಬನೇ ಅಲ್ಲ. ಕಾಗದದ ಉಗ್ರಾಣದವರು ರೀಮು ಎಳೆದು ಕೊಡುವಾಗ ತಿಳಿದುಕೊಂಡರು. ಯಂತ್ರದವರು ಎರಡು ದಿನ ಒಂದೇ ಹಾಳೆ ಬೀಳುವುದನ್ನು ನೋಡಿದರು. ಹಾಳೆ ಎಣಿಸುವ ಹೆಂಗಸರು ನೂರರ ಕಟ್ಟು ಕಟ್ಟಿ ಕಟ್ಟಿ ಬೆರಳು ಕುಯ್ದುಕೊಂಡರು. ನಾವು ಅರವತ್ತು ಜನ. ಅಷ್ಟು ಜನರಿಗೆ, ಯುದ್ಧಕ್ಕೆ ಮೂರು ತಿಂಗಳು ಮೊದಲೇ ಗೊತ್ತಿತ್ತು. ಚಹಾದ ಹೊತ್ತಿಗೆ ಇದೇ ಕೋಣೆಯಲ್ಲಿ ಕೂತು ನಾವು ಏನು ಮಾತಾಡಿದೆವು ಗೊತ್ತೇ? ಆ ಮೂಲೆಯ ನಲ್ಲಿ ಸೋರುತ್ತದೆ, ಯಾರೂ ರಿಪೇರಿ ಮಾಡಿಸುವುದಿಲ್ಲ ಎಂದು ಮಾತಾಡಿದೆವು. ಎಲ್ಲರೂ ಬಹಳ ಸಿಟ್ಟಿನಿಂದ ಮಾತಾಡಿದೆವು. ನಲ್ಲಿಯ ಬಗ್ಗೆ.

ಈಗ ನನ್ನ ತಂಗಿಯ ಮನೆಗೆ ಬರುತ್ತೇನೆ. ಅವಳು ಹೊಲಿಗೆಯವಳು. ಹಳೆಯ ಬಟ್ಟೆ ಬಿಚ್ಚಿ ಅಳತೆ ತಿದ್ದಿಕೊಡುತ್ತಾಳೆ. ಗಂಡ ಬೇಗ ಹೋದ. ಒಬ್ಬನೇ ಮಗ. ಬೇಕರಿಯಲ್ಲಿ ಕೆಲಸ, ಕಿವಿಯ ಹಿಂದೆ ಯಾವಾಗಲೂ ಬಿಳಿ ಹಿಟ್ಟು ಅಂಟಿರುತ್ತಿತ್ತು. ನಾನು ಅವನನ್ನು ಹಿಟ್ಟಿನ ಸಾಹೇಬ ಎಂದೇ ಕರೆಯುತ್ತಿದ್ದೆ. ಮಾರ್ಚ್ ತಿಂಗಳ ಒಂದು ಭಾನುವಾರ ಊಟಕ್ಕೆ ಕರೆದಳು. ಊಟವಾದ ಮೇಲೆ ಹುಡುಗ ಒಂದು ಅರ್ಜಿ ತಂದು ಮುಂದಿಟ್ಟ. ಸೈನ್ಯಕ್ಕೆ ಸೇರುವ ಅರ್ಜಿ, ಅದೂ ನಮ್ಮದೇ ಅಚ್ಚು. ಎರಡು ವರ್ಷ ಇದ್ದರೆ ದೊಡ್ಡ ಲಾರಿ ಓಡಿಸಲು ಕಲಿಸುತ್ತಾರಂತೆ, ಅವನಿಗೆ ಲಾರಿಯ ಹುಚ್ಚು. ತಂದೆ ಇಲ್ಲದವರಿಗೆ ಹಿರಿಯರೊಬ್ಬರ ಸಹಿ ಬೇಕು.

ತಂಗಿ ತಟ್ಟೆ ಎತ್ತುತ್ತಾ ಕೇಳಿದಳು, "ಅಣ್ಣಾ, ನೀನು ಸರ್ಕಾರದ ಅಚ್ಚುಮನೇಲಿ ಇರೋನು. ಎಲ್ಲರಿಗಿಂತ ಮೊದಲು ನಿಂಗೆ ಗೊತ್ತಾಗತ್ತೆ. ಯುದ್ಧಗಿದ್ಧ ಏನೂ ಆಗಲ್ಲ ತಾನೆ?"

ನಾನು ಏನು ಹೇಳಿದೆ? "ನಂಗೇನಮ್ಮ ಗೊತ್ತು, ನಾನು ಅಲ್ಪವಿರಾಮ ನೋಡೋನು" ಎಂದೆ. ಹುಡುಗ ನಕ್ಕ. ನಾನು ಕನ್ನಡಕ ಹಾಕಿಕೊಂಡು ಅವನ ಅರ್ಜಿ ಓದಿದೆ. ವಿಳಾಸದಲ್ಲಿ ಒಂದು, ಹುಟ್ಟಿದ ಊರಿನಲ್ಲಿ ಒಂದು, ಎರಡು ತಪ್ಪು ತಿದ್ದಿದೆ. ತಿದ್ದಿ ಸಹಿ ಹಾಕಿದೆ. ಪ್ರಮಾಣ ಮುರಿಯಬಾರದೆಂದು ಸುಮ್ಮನಿದ್ದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಆಗ ಪ್ರಮಾಣದ ನೆನಪೇ ಇರಲಿಲ್ಲ. ಹೇಳಿದರೆ ಅವಳು ನಾಲ್ಕು ಜನಕ್ಕೆ ಹೇಳುತ್ತಾಳೆ, ಅದು ನನ್ನ ಬುಡಕ್ಕೆ ಬರುತ್ತದೆ ಎಂದು ಹೆದರಿದೆ. ಹೆದರಿಕೆ, ಅಷ್ಟೇ.

ಅವನು ಏಪ್ರಿಲ್‌ನಲ್ಲಿ ಸೇರಿದ. ಮೇ ತಿಂಗಳಲ್ಲಿ ಯುದ್ಧ ಶುರುವಾಯಿತು. ಬೀದಿಬೀದಿಯಲ್ಲಿ ಜನ ಕುಣಿದರು, ನಾನೂ ಕಿಟಕಿಯಲ್ಲಿ ನಿಂತು ಚಪ್ಪಾಳೆ ತಟ್ಟಿದೆ. ಆಗಸ್ಟ್‌ನಲ್ಲಿ ತಂಗಿಯ ಮನೆಗೆ ಲಕೋಟೆ ಬಂತು. ಪಕ್ಕದ ಮನೆಯವರು ಓಡಿ ಬಂದು ನನ್ನನ್ನು ಕರೆದುಕೊಂಡು ಹೋದರು. ಅವಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಯಾರದೋ ಕೋಟಿನ ತೋಳು ಅರ್ಧ ಬಿಚ್ಚಿ ಸೂಜಿಯ ಕೆಳಗೇ ಇತ್ತು. ಲಕೋಟೆ ಒಡೆದಿದ್ದಳು, ಆದರೆ ಓದಲು ಆಗುತ್ತಿರಲಿಲ್ಲ. "ಓದಣ್ಣ" ಎಂದಳು.

ನಾನು ಓದಿದೆ. ಹೇಗೆ ಓದಿದೆ ಎಂದು ಹೇಳಲೇಬೇಕು. ಆ ಹಾಳೆಯನ್ನು ನೋಡುವುದೇ ಬೇಕಿರಲಿಲ್ಲ, ನನಗೆ ಬಾಯಿಪಾಠವಿತ್ತು. ಕಣ್ಣು ಅವಳ ಮೇಲಿತ್ತು, ನಾಲಿಗೆ ತನ್ನ ಪಾಡಿಗೆ ತಾನು ನಡೆಯಿತು. "ತಮ್ಮ ಪುತ್ರ ಓರೆಗೆರೆ ಪತಿ ಓರೆಗೆರೆ ಸಹೋದರ, ಆವರಣ ಶುರು, ಅನ್ವಯಿಸದ್ದನ್ನು ಹೊಡೆದುಹಾಕಿ, ಆವರಣ ಮುಗಿಯಿತು, ಶ್ರೀ ಖಾಲಿ ಜಾಗ ಇವರು ಕರ್ತವ್ಯದಲ್ಲಿದ್ದಾಗ, ಅಲ್ಪವಿರಾಮ, ನೋವಿಲ್ಲದೆ ವೀರಮರಣ ಹೊಂದಿದರೆಂದು ತಿಳಿಸಲು ವಿಷಾದಿಸುತ್ತೇವೆ, ಪೂರ್ಣವಿರಾಮ."

ನನ್ನ ತಂಗಿ ಎದ್ದು ಬಂದು ನನ್ನ ಕೈಲಿದ್ದ ಹಾಳೆಯ ಮೇಲೆ ಬೆರಳಿಟ್ಟಳು. "ಖಾಲಿ ಇಲ್ಲ ಅಣ್ಣ" ಎಂದಳು. "ಹೆಸರು ಬರೆದಿದ್ದಾರೆ ನೋಡು."

ನೀಲಿ ಶಾಯಿಯಲ್ಲಿ ಯಾರೋ ಗುಂಡಗೆ ಬರೆದಿದ್ದರು. ಪುತ್ರ, ಪತಿ, ಸಹೋದರ ಮೂರೂ ಹಾಗೇ ಇದ್ದವು, ಹೊಡೆದುಹಾಕಲು ಅವರಿಗೆ ಪುರುಸೊತ್ತಾಗಿರಲಿಲ್ಲ. ನಾನು ಅವಳ ಮುಂದೆ ಕೂತು ಅತ್ತೆ. ಅವಳು ಅಳಲಿಲ್ಲ. ಹೊಲಿಗೆಯವಳಲ್ಲವೇ, ಅಂಚು ನೋಡುವ ಅಭ್ಯಾಸ. ಹಾಳೆಯ ಅಂಚಿನವರೆಗೂ ನೋಡಿದಳು.

"ಇಲ್ಲಿ ಫೆಬ್ರವರಿ ಅಂತಿದೆಯಲ್ಲ?"

"ಅಚ್ಚಾದ ತಿಂಗಳಮ್ಮ."

"ಅವನು ಸೇರಿದ್ದು ಏಪ್ರಿಲಲ್ಲಿ."

"ಹೌದು."

"ಹದಿನೈದು ಸಾವಿರ ಅಂದ್ರೆ?"

"ಪ್ರತಿಗಳು."

"ಇದನ್ನ ನೀನು ನೋಡಿದ್ದೆಯಾ?"

"ನಾನೇ ನೋಡಿದ್ದು."

"ಮಾರ್ಚಲ್ಲಿ ನೀನು ಇದೇ ಕುರ್ಚೀಲಿ ಕೂತು ಉಂಡೆ" ಎಂದಳು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಕತ್ತರಿ ತೆಗೆದುಕೊಂಡು ಆ ಹಾಳೆಯ ಅಡಿಸಾಲನ್ನು ನೇರವಾಗಿ, ಒಂದು ಎಳೆ ಆಚೀಚೆ ಆಗದಂತೆ ಕತ್ತರಿಸಿ ನನ್ನ ಕೈಗಿಟ್ಟಳು. "ಮೇಲಿಂದು ನಂದು. ಇದು ನಿಂದು, ಇಟ್ಕೋ."

ಇಟ್ಟುಕೊಂಡಿದ್ದೇನೆ. ಒಂಬತ್ತು ವರ್ಷದಿಂದ ಈ ಕನ್ನಡಕದ ಡಬ್ಬಿಯಲ್ಲಿದೆ. ಗೇಟಿನವರು ಮೊದಲ ದಿನ ಇದೇನೆಂದು ಕೇಳಿದ್ದರು, ಕನ್ನಡಕ ಒರೆಸುವ ಚೀಟಿ ಎಂದೆ. ಆಮೇಲೆ ಅವರು ಕೇಳಲಿಲ್ಲ. ಕ್ಷಮಿಸಿ ಗೇಟಿನವರೇ, ನಿಮಗೂ ಸುಳ್ಳು ಹೇಳಿದೆ.

ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ನಾನು ಬಂಗಾರ ಕೂಡಿಟ್ಟವನು. ನಾವೇನು ಗುಂಡು ಹಾರಿಸಿದೆವೇ? ಇಲ್ಲ. ಯುದ್ಧ ಸಾರಿದೆವೇ? ಇಲ್ಲ. ನಾವು ಬಡಪಾಯಿಗಳು, ನಮ್ಮ ಮಾತು ಯಾರು ಕೇಳುತ್ತಾರೆ? ಈ ಪ್ರಶ್ನೆಯನ್ನು ಒಂಬತ್ತು ವರ್ಷ ತಿರುಗಿಸಿ ಮುರುಗಿಸಿ ನೋಡಿದ್ದೇನೆ. ನಾನು ಬಾಯಿ ಬಿಟ್ಟಿದ್ದರೆ ಯುದ್ಧ ನಿಲ್ಲುತ್ತಿತ್ತೇ? ನಿಲ್ಲುತ್ತಿರಲಿಲ್ಲ, ಅಷ್ಟು ಹುಚ್ಚು ನನಗಿಲ್ಲ. ಆದರೆ ಅರವತ್ತು ಜನ ಅರವತ್ತು ಮನೆಗಳಲ್ಲಿ ಹೇಳಿದ್ದರೆ? ಆ ಮನೆಯವರು ಬೀದಿಯಲ್ಲಿ ನಿಂತು, ಹದಿನೈದು ಸಾವಿರ ಹಾಳೆ ಯಾಕೆ ಅಚ್ಚು ಹಾಕಿಸಿದಿರಿ ಎಂದು ಕೇಳಿದ್ದರೆ? ಉತ್ತರ ಕೊಡಬೇಕಾದವರಿಗೆ ಒಂದು ದಿನವಾದರೂ ನಿದ್ದೆ ಕೆಡುತ್ತಿತ್ತು. ಅದೂ ಬೇಡ. ಒಬ್ಬ ಹುಡುಗ ಇವತ್ತಿಗೂ ಬೇಕರಿಯಲ್ಲಿ ಬನ್ನು ಸುಡುತ್ತಿದ್ದ. ಅಷ್ಟಾದರೂ ಆಗುತ್ತಿತ್ತು.

ಅಧ್ಯಕ್ಷರಿಂದ ಚೀಟಿ ಬಂದಿದೆ. 'ದಯವಿಟ್ಟು ಮುಗಿಸಿ' ಎಂದಿದೆ. ಮುಗಿಸುತ್ತೇನೆ ಸ್ವಾಮಿ, ಇನ್ನೊಂದೇ ಒಂದು ವಿಷಯವಿದೆ.

ಕಳೆದ ಸೋಮವಾರ ನನ್ನ ಮೇಜಿಗೆ ಕೊನೆಯ ಕೆಲಸ ಬಂತು. ಮುಖ್ಯ ಅತಿಥಿಗಳಿಗೆ ಅದು ಗೊತ್ತು, ಅವರ ಇಲಾಖೆಯಿಂದಲೇ ಬಂದದ್ದು. ಈ ವಾರ ರೇಡಿಯೋ ಏನು ಹೇಳುತ್ತಿದೆಯೆಂದು ನಿಮಗೂ ಗೊತ್ತು. ಮಾತುಕತೆ ಫಲಪ್ರದವಾಗಿದೆ. ಗಡಿ ಶಾಂತವಾಗಿದೆ. ಓದುವ ಅಕ್ಕ, ನೀವು ಕೂತೇ ಇರಿ, ಈ ಒಂದು ಸಲ ನಾನೇ ಓದುತ್ತೇನೆ. ನನ್ನ ಜೇಬಿನಲ್ಲಿ ಕಾಗದವಿಲ್ಲ, ಬಾಯಲ್ಲಿದೆ. ನಮೂನೆ ನಲವತ್ತೊಂದು, ಅಲ್ಪವಿರಾಮ, ಈ ತಿಂಗಳು, ಈ ವರ್ಷ, ಅಲ್ಪವಿರಾಮ, ನಲವತ್ತು ಸಾವಿರ ಪ್ರತಿಗಳು.

ಮೈಕು ನಿಂತಿತು. ಪರವಾಗಿಲ್ಲ. ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಬೆಳೆದ ಗಂಟಲು ಇದು, ಕೊನೆಯ ಸಾಲಿಗೂ ಕೇಳುತ್ತದೆ.

ನಲವತ್ತು ಸಾವಿರ. ಸೊನ್ನೆ ಸರಿಯಿದೆಯೇ ಎಂದು ನಾನು ಈ ಸಲ ಕೇಳಲಿಲ್ಲ. ಆ ಕರಡು ನನ್ನ ಮೇಜಿನ ಮೇಲೇ ಇದೆ, ಸಹಿ ಹಾಕಿಲ್ಲ. ನಾಳೆ ಬೇರೆಯವರು ಹಾಕುತ್ತಾರೆ, ನಾಡಿದ್ದು ಯಂತ್ರ ಓಡುತ್ತದೆ. ಯಂತ್ರದವರೇ, ನಿಮ್ಮ ಮಗ ಹೋದ ವಾರ ಸೈನ್ಯದ ಅರ್ಜಿ ತಂದಿದ್ದಾನೆಂದು ನೀವೇ ನನಗೆ ಹೇಳಿದಿರಿ, ಸಿಹಿಯನ್ನೂ ಕೊಟ್ಟಿರಿ. ನಾನು ತಿಂದೆ. ಅವನು ನಿಮ್ಮ ಪಕ್ಕದಲ್ಲೇ ಕೂತಿದ್ದಾನೆ. ಅಪ್ಪನನ್ನು ಏನು ನೋಡುತ್ತೀಯಪ್ಪಾ, ನನ್ನನ್ನು ನೋಡು. ಮನೆಗೆ ಹೋದ ಮೇಲೆ ನಿಮ್ಮಮ್ಮ ಕೇಳುತ್ತಾರೆ, ಯುದ್ಧ ಏನೂ ಆಗಲ್ಲ ತಾನೆ ಎಂದು. ಅವರಿಗೆ ಸಂಖ್ಯೆ ಹೇಳು. ಅವರು ಪಕ್ಕದ ಮನೆಗೆ ಹೇಳಲಿ. ನೀವೆಲ್ಲರೂ ಹೇಳಿ. ಅಂಗಡಿಯಲ್ಲಿ ಹೇಳಿ, ಬಸ್ಸಿನಲ್ಲಿ ಹೇಳಿ, ಶಾಲೆಯ ಬಾಗಿಲಲ್ಲಿ ಹೇಳಿ. ಯಾಕೆ ಬೇಕು ಇಷ್ಟು ಎಂದು ಕೇಳಿ. ದೇಶದ್ರೋಹಿ ಎನ್ನುತ್ತಾರೆ, ಅನ್ನಲಿ. ನಲವತ್ತು ಸಾವಿರ ಖಾಲಿ ಜಾಗಗಳಿವೆ. ಇವತ್ತಿನ ಮಟ್ಟಿಗೆ ಅವು ಖಾಲಿಯೇ ಇವೆ. ಒಂದರಲ್ಲೂ ಯಾರೂ ಇನ್ನೂ ಹೆಸರು ಬರೆದಿಲ್ಲ.

ಇದರಿಂದ ನನಗೇನಾಗುತ್ತದೆ ಎಂದು ಗೊತ್ತಿದೆ. ಬೆಳಿಗ್ಗೆ ಹೆಂಡತಿಗೂ ಹೇಳಿದೆ. "ಪಿಂಚಣಿ ತಾನೆ, ಹೋದ್ರೆ ಹೋಗ್ಲಿ. ಆದ್ರೆ ಅಲ್ಲಿ ಅಲ್ಪವಿರಾಮ ಹೇಳ್ಕೊಂಡು ಕೂರಬೇಡಿ" ಎಂದಳು. ಅವಳ ಪಕ್ಕದ ಕುರ್ಚಿ ಖಾಲಿಯಿದೆ, ನೋಡಿ. ತಂಗಿಗೆಂದು ಇಡಿಸಿದ್ದೆ. "ಆ ಕಟ್ಟಡದೊಳಕ್ಕೆ ನಾನು ಕಾಲಿಡಲ್ಲ. ನೀನು ಹೇಳೋದು ಹೇಳಿ ಬಾ, ಗೇಟಿನ ಹತ್ರ ನಿಂತಿರ್ತೀನಿ" ಎಂದಳು. ಒಂಬತ್ತು ವರ್ಷದಲ್ಲಿ ಅವಳು ನನಗೆ ಕಾಯುತ್ತೇನೆ ಎಂದದ್ದು ಇವತ್ತೇ. ಈಗ ಅಲ್ಲಿ ನಿಂತಿದ್ದಾಳೆ.

ನೀವು ಕೊಟ್ಟ ಗೋಡೆ ಗಡಿಯಾರಕ್ಕೆ ಋಣಿ. ಇಪ್ಪತ್ತಾರು ವರ್ಷ ಓದಿ ಹೇಳಿದ ಅಕ್ಕನಿಗೆ ಋಣಿ. ಇಷ್ಟು ಹೊತ್ತು ಎದ್ದು ಹೋಗದೆ ಕೂತ ನಿಮಗೆಲ್ಲ ಋಣಿ. ಗೇಟಿನವರೇ, ಬನ್ನಿ, ಇಲ್ಲೇ ನೋಡಿಬಿಡಿ. ಇಗೋ ಜೇಬು, ಇಗೋ ಅಂಗೈ. ಮೂವತ್ತನಾಲ್ಕು ವರ್ಷ ಜೇಬು ಖಾಲಿ ಮಾಡಿ ತಲೆ ತುಂಬಿಕೊಂಡು ಹೊರಗೆ ಹೋದೆ. ಇವತ್ತು ಎರಡೂ ಖಾಲಿ. ಅದೀಗ ನಿಮ್ಮೆಲ್ಲರ ತಲೆಯಲ್ಲಿದೆ, ಸಂಜೆ ಅದೇ ಗೇಟಿನಿಂದ ನೀವೂ ಹೊರಗೆ ಹೋಗುತ್ತೀರಿ. ನಮಸ್ಕಾರ.